ಕೇಳಿದ ಅರಸರು, ಕೇಳಿಸಿದ ಅರಸರು

ನಮ್ಮ ಕಾಲೇಜಿನ ಸೂಚನಾಫಲಕದ ಮೇಲೆ ವರ್ಷವಿಡೀ ಕಾಣಿಸುವುದು ಎರಡೇ ಬಗೆಯ ವಾರ್ತೆಗಳು. ಒಂದು, ಪರೀಕ್ಷಾ ಶುಲ್ಕ ಕಟ್ಟಲು ಕಡೆಯ ದಿನ. ಮತ್ತೊಂದು, ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಕಡೆಯ ದಿನ. ಹೀಗಿರುವಾಗ ಮೊನ್ನೆ ಅಲ್ಲಿ ಮೂರನೆಯ ಬಗೆಯ ವಾರ್ತೆಯೊಂದು ಕಾಣಿಸಿಕೊಂಡಿತು. ಬರುವ ತಿಂಗಳು ಬೆಂಗಳೂರಿನಿಂದ ಕಲಾವಿದರೊಬ್ಬರು ಬಂದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಕುರಿತು ಸೋದಾಹರಣ ಉಪನ್ಯಾಸ ಮಾಡುವರೆಂದೂ, ಬಳಿಕ ಒಂದು ಗಂಟೆಯ ಕಾಲ ಪಿಯಾನೋ ನುಡಿಸುವರೆಂದೂ, ಸುತ್ತಲ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆಲ್ಲ ಆದರದ ಸ್ವಾಗತವೆಂದೂ ಅದರಲ್ಲಿ ಬರೆದಿತ್ತು.

ಫಲಕದ ಮುಂದೆ ದೊಡ್ಡ ಗುಂಪೇ ಸೇರಿತು. ನಮ್ಮ ತರಗತಿಯಲ್ಲಿ ಕೂಡ್ಲಿಗಿಯವರಿದ್ದಾರೆ, ಕೊಟ್ಟೂರಿನವರಿದ್ದಾರೆ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವವರೂ ಇದ್ದಾರೆ. ಇಷ್ಟು ಮಂದಿಯಲ್ಲಿ ಪಿಯಾನೋವನ್ನು ಸಿನಿಮಾದಲ್ಲಿ ಕಾಣದವರು ಯಾರೂ ಇಲ್ಲ. ಕಣ್ಣೆದುರಿಗೆ ಕಂಡವರೂ ಯಾರೂ ಇಲ್ಲ. ಹಡಗಲಿಯ ಗೆಳೆಯನೊಬ್ಬನು ಇದು ನಮ್ಮ ಪೇಟಿಯ ಅಣ್ಣನೋ ತಮ್ಮನೋ ಎಂದು ಕೇಳಿ ಎಲ್ಲರನ್ನೂ ನಗಿಸಿದನು. ಅಂಥ ಸಂಗೀತ ನಮ್ಮಂಥವರಿಗಲ್ಲ, ಅದು ದೊಡ್ಡ ಊರಿನ ದೊಡ್ಡವರ ಮನೆಯ ವಸ್ತು ಎಂದು ಮತ್ತೊಬ್ಬನು ಅಂದನು. ಆ ಮಾತಿಗೆ ಮಾತ್ರ ಯಾರೂ ನಗಲಿಲ್ಲ; ಎಲ್ಲರ ಮನಸ್ಸಿನಲ್ಲೂ ಅದೇ ಇತ್ತೆಂದು ತೋರುತ್ತದೆ.

ಈ ಸಂಚಿಕೆ ಅಚ್ಚಿಗೆ ಹೋಗುವಾಗ ಆ ದಿನವಿನ್ನೂ ಬಂದಿರುವುದಿಲ್ಲ. ಆದುದರಿಂದ ಆ ಕಛೇರಿ ಹೇಗಾಯಿತೆಂದು ಬರೆಯಲು ನಾನು ಅಶಕ್ತನು. ಅದಕ್ಕಾಗಿ ನಾನೇಕೆ ಇಷ್ಟೊಂದು ಕಾತರದಿಂದ ಕಾದಿದ್ದೇನೆ, ಕಾಯುತ್ತ ಕಾಯುತ್ತ ಯಾರ ಜೀವನವನ್ನು ಓದಿಕೊಂಡೆ ಎಂಬುದನ್ನಷ್ಟೇ ಸಹೃದಯ ವಾಚಕರ ಮುಂದಿಡಬಲ್ಲೆ.

ಮೊದಲು ನಮ್ಮ ಅಜ್ಜನ ಮಾತು. ಅವರು ಪ್ರಾಯದಲ್ಲಿ ಒಂದು ನಾಟಕ ಕಂಪನಿಯೊಡನೆ ಊರೂರು ತಿರುಗಿ ಪೇಟಿ ನುಡಿಸಿದವರು. ಅಣ್ಣ ತೀರಿಕೊಂಡ ಮೇಲೆ ಹೊಲಮನೆಯ ಭಾರ ಹೆಗಲಿಗೆ ಬಿದ್ದು ಊರಿಗೆ ಮರಳಿದರು. ಅಲ್ಲಿಂದಾಚೆ ಅವರ ಪೇಟಿ ಸೋಮವಾರದ ಭಜನೆಗೆ ಮತ್ತು ವರ್ಷಕ್ಕೊಮ್ಮೆ ಊರ ಹುಡುಗರ ನಾಟಕಕ್ಕೆ ಮಾತ್ರ ಮೀಸಲಾಯಿತು. ಹಗಲೆಲ್ಲ ಸಜ್ಜೆ, ಶೇಂಗಾ ಹೊಲದಲ್ಲಿ ಕೈ ಒರಟಾಗಿಸಿಕೊಂಡ ಅವರು ಸಂಜೆ ಅದೇ ಬೆರಳುಗಳನ್ನು ಪೇಟಿಯ ಮನೆಗಳ ಮೇಲೆ ಇಟ್ಟರೆಂದರೆ ಓಣಿಯ ಮಂದಿ ಕಟ್ಟೆಗೆ ಬಂದು ಕೂಡುತ್ತಿದ್ದರು. ನಾನು ಅವರ ಮಗ್ಗುಲಲ್ಲಿ ಕುಳಿತು ಬಿಳಿ ನಾಲ್ಕು, ಕರಿ ಒಂದು ಎಂದು ಶ್ರುತಿ ಗುರುತಿಸಲು ಕಲಿತೆ. ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ಅಜ್ಜ ತೀರಿಕೊಂಡು ನಾಲ್ಕು ವರ್ಷವಾಯಿತು. ಪೇಟಿ ಅಟ್ಟದ ಮೇಲಿದೆ, ತಿದಿಯನ್ನು ಇಲಿ ಕಡಿದಿದೆ.

ಈ ಸಂಗತಿಯನ್ನು ನಾನು ನಮ್ಮ ಇತಿಹಾಸದ ಅಧ್ಯಾಪಕರಲ್ಲಿ ಹೇಳಿಕೊಂಡೆ. ಅವರು ಕೆಲಹೊತ್ತು ಸುಮ್ಮನಿದ್ದು, ಕಛೇರಿಗೆ ಬರುವ ಮುಂಚೆ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರ ಜೀವನಚರಿತ್ರೆಯನ್ನು ಓದಿಕೊಂಡು ಬಾ ಎಂದು ಅಪ್ಪಣೆ ಮಾಡಿದರು. ಪಿಯಾನೋಗೂ ಮೈಸೂರಿನ ಮಹಾರಾಜರಿಗೂ ಏನು ನಂಟು ಎಂದು ನನಗೆ ಆಶ್ಚರ್ಯವಾಯಿತು. ಜಂಬೂಸವಾರಿ, ಅಂಬಾರಿ, ಅರಮನೆಯ ದೀಪ ಇಷ್ಟನ್ನೇ ನಾವು ಆ ಹೆಸರಿನೊಡನೆ ಬಲ್ಲೆವು. ಓದಿದ ಮೇಲೆ ತಿಳಿದುದನ್ನು ನನ್ನ ಅಲ್ಪಮತಿಗೆ ತೋಚಿದಂತೆ ಇಲ್ಲಿ ನಿರೂಪಿಸುತ್ತೇನೆ.

ಜಯಚಾಮರಾಜ ಒಡೆಯರು ೧೯೧೯ನೆಯ ಇಸವಿ ಜುಲೈ ೧೮ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪುಚೆಲುವಾಜಮ್ಮಣ್ಣಿಯವರು. ಆಗ ಸಿಂಹಾಸನದಲ್ಲಿದ್ದವರು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರಿಗೆ ಸಂಗೀತವೆಂದರೆ ರಾಜಭೋಗದ ಒಂದು ಅಲಂಕಾರ ಮಾತ್ರವಾಗಿರಲಿಲ್ಲ. ಅವರು ಸ್ವತಃ ವೀಣೆಯನ್ನೂ ಪಿಟೀಲನ್ನೂ ಪಿಯಾನೋವನ್ನೂ ಬಲ್ಲವರು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರು ಆಸ್ಥಾನವನ್ನು ಬೆಳಗುತ್ತಿದ್ದಂತೆಯೇ, ಜರ್ಮನಿಯ ಆಟೋ ಸ್ಮಿತ್ ಎಂಬವರ ನೇತೃತ್ವದಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಒಂದು ಕಿವಿಯಲ್ಲಿ ವೀಣೆ, ಇನ್ನೊಂದು ಕಿವಿಯಲ್ಲಿ ಪಿಯಾನೋ ಹೀಗೆ ಎರಡು ಲೋಕಗಳ ನಾದವನ್ನು ಕೇಳುತ್ತ ಬೆಳೆದ ಬಾಲಕನಿಗೆ ಇದು ನಮ್ಮದು, ಅದು ಪರರದು ಎಂಬ ಭೇದ ತಿಳಿಯದೆ ಹೋಯಿತೆಂದರೆ ಅದರಲ್ಲಿ ಅಚ್ಚರಿಯೇನು?

ಇಲ್ಲಿ ಪಿಯಾನೋವನ್ನು ಕುರಿತು ಎರಡು ಮಾತು ಹೇಳದಿದ್ದರೆ ಮುಂದಿನ ಕಥೆ ಸ್ಪಷ್ಟವಾಗದು. ನಮ್ಮ ಪೇಟಿ ಗಾಳಿಯ ವಾದ್ಯ. ತಿದಿಯಿಂದ ನೂಕಿದ ಗಾಳಿ ಒಳಗಿರುವ ಹಿತ್ತಾಳೆಯ ತೆಳುವಾದ ನಾಲಗೆಗಳನ್ನು ಕಂಪಿಸಿದಾಗ ಸ್ವರ ಹೊರಡುತ್ತದೆ. ಪಿಯಾನೋ ತಂತಿಯ ವಾದ್ಯ. ಬೆರಳಿನಿಂದ ಒತ್ತಿದ ಕೂಡಲೆ ಒಳಗಿರುವ, ಉಣ್ಣೆಯನ್ನು ಹೊದಿಸಿದ ಒಂದು ಪುಟ್ಟ ಸುತ್ತಿಗೆ ತಂತಿಗೆ ಬಡಿದು ಹಿಂದಕ್ಕೆ ಸರಿಯುತ್ತದೆ. ಇಂತಹ ಮನೆಗಳು ಇಂದಿನ ಪಿಯಾನೋದಲ್ಲಿ ೮೮ ಇವೆ. ಇಟಲಿಯ ಕ್ರಿಸ್ಟೋಫೋರಿ ಎಂಬ ಕುಶಲಿಯು ಸುಮಾರು ೧೭೦೦ರ ವೇಳೆಗೆ ಇದನ್ನು ನಿರ್ಮಿಸಿದನು. ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಗಟ್ಟಿದನಿ; ಇದೇ ಅವನ ವಾದ್ಯದ ಹೆಚ್ಚುಗಾರಿಕೆ. ಆದರೆ ಪೇಟಿಯ ಸ್ವರ ಗಾಳಿಯಿರುವವರೆಗೆ ನಿಂತಿರಬಲ್ಲದು. ಪಿಯಾನೋದ ಸ್ವರವಾದರೋ ಹುಟ್ಟಿದ ಮರುಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ನುಡಿಸುವವನು ಮರೆಯಾಗುತ್ತಿರುವ ನಾದಕ್ಕೆ ಮತ್ತೊಂದು ನಾದವನ್ನು ಪೋಣಿಸುತ್ತ ಹೋಗಬೇಕು. ಇದನ್ನು ತಿಳಿದಂದಿನಿಂದ ಆ ವಾದ್ಯದ ಮೇಲೆ ನನಗೇನೋ ಒಂದು ಬಗೆಯ ಮರುಕ.

ಯುವಕ ಜಯಚಾಮರಾಜರು ಈ ವಾದ್ಯಕ್ಕೆ ಮನಸ್ಸನ್ನು ಒಪ್ಪಿಸಿಬಿಟ್ಟರು. ಅವರ ತಂಗಿ ವಿಜಯಾದೇವಿಯವರೂ ಪಿಯಾನೋ ಕಲಿತವರು. ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದವರು ಅವರೇ. ಅಣ್ಣನು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ೧೯೩೮ರಲ್ಲಿ ಚಿನ್ನದ ಪದಕಗಳೊಡನೆ ಪದವೀಧರನಾದನು. ೧೯೩೯ರಲ್ಲಿ ಯೂರೋಪು ಪ್ರವಾಸವನ್ನೂ ಕೈಗೊಂಡನು. ಸಭೆಗಳಲ್ಲಿ ನುಡಿಸುವ ಪಿಯಾನೋ ವಾದಕನಾಗಬೇಕೆಂಬುದೇ ಆತನ ಹಂಬಲವಾಗಿತ್ತು. ಸಿಂಹಾಸನದ ಮೇಲೆ ದೊಡ್ಡಪ್ಪನವರಿದ್ದರು, ಅವರ ನಂತರಕ್ಕೆ ತಂದೆಯವರಿದ್ದರು. ತನ್ನ ಪಾಳಿ ಬರಲು ಬಹಳ ಕಾಲವುಂಟೆಂದು ಆ ತರುಣನು ಭಾವಿಸಿದ್ದರೆ ಅದು ಸಹಜವೇ.

ಆದರೆ ವಿಧಿಯ ಲೆಕ್ಕ ಬೇರೆಯಾಗಿತ್ತು. ೧೯೪೦ನೆಯ ಮಾರ್ಚ್ ತಿಂಗಳಲ್ಲಿ ತಂದೆಯವರು ಮುಂಬಯಿಯಲ್ಲಿ ಕಾಲವಾದರು. ಐದು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ ೩ರಂದು, ನಾಲ್ವಡಿಯವರೂ ದಿವಂಗತರಾದರು. ಸೆಪ್ಟೆಂಬರ್ ೮ರಂದು ಇಪ್ಪತ್ತೊಂದು ವರ್ಷದ ಯುವಕನಿಗೆ ಪಟ್ಟಾಭಿಷೇಕವಾಯಿತು. ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿರುವವರ ವಯಸ್ಸು! ಊರಿನವರಿಗೆಲ್ಲ ಅದು ಉತ್ಸವ. ಆ ಯುವಕನೊಳಗಿನ ಪಿಯಾನೋ ವಾದಕನಿಗೆ ಮಾತ್ರ ಅದು ಬೀಳ್ಕೊಡುಗೆ. ಸಿಂಹಾಸನವೇರಿದವರು ವೇದಿಕೆ ಏರುವಂತಿಲ್ಲ. ಇದನ್ನು ಓದುವಾಗ ನಾಟಕ ಕಂಪನಿಯ ಡೇರೆಯನ್ನು ಬಿಟ್ಟು ಹೊಲದ ಹಾದಿ ಹಿಡಿದ ನಮ್ಮ ಅಜ್ಜ ನನ್ನ ಕಣ್ಣಮುಂದೆ ಬಂದರು. ಅರಸನಿಗೂ ಒಕ್ಕಲಿಗನಿಗೂ ಹೋಲಿಕೆಯೇ ಎಂದು ಯಾರಾದರೂ ನಗಬಹುದು. ನಗಲಿ. ಮನೆಯ ಭಾರವು ಕಲೆಯ ಕೈ ಬಿಡಿಸುವ ಬಗೆ ಅರಮನೆಯಲ್ಲೂ ಜಂತಿ ಮನೆಯಲ್ಲೂ ಒಂದೇ.

ಮಹಾರಾಜರು ಕಲಿಕೆಯನ್ನೇನೂ ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಎಂಬ ಅರ್ಹತೆಯನ್ನು ಪಡೆದರು; ೧೯೪೫ರಲ್ಲಿ ಅಲ್ಲಿಯ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೊ ಎಂಬ ಮನ್ನಣೆಯನ್ನಿತ್ತಿತು. ಆದರೆ ತಾವು ನುಡಿಸಿ ಲೋಕಕ್ಕೆ ಕೇಳಿಸುವುದು ಇನ್ನು ಸಾಧ್ಯವಿಲ್ಲವೆಂದು ಅವರಿಗೆ ಅರಿವಾಗಿತ್ತು. ಆಗ ಅವರು ಹಿಡಿದ ದಾರಿಯೇ ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುತ್ತದೆ. ಅವರು ಕೇಳುವವರಾದರು. ಜಗತ್ತಿನ ನಾನಾ ಕಡೆಗಳಿಂದ ಗ್ರಾಮಫೋನ್ ರೆಕಾರ್ಡುಗಳನ್ನು ಸಾವಿರಗಟ್ಟಲೆ ತರಿಸಿಕೊಂಡರು. ಹಾಗೆ ಕೇಳುತ್ತ ಹೋದವರ ಗಮನವು ಲೋಕ ಮರೆತಿದ್ದ ಒಬ್ಬ ಮುದುಕರ ಮೇಲೆ ನಿಂತಿತು.

ಅವರ ಹೆಸರು ನಿಕೊಲಾಯ್ ಮೆಟ್ನರ್. ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದವರು. ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಕಲಿತು, ೧೯೦೦ರಲ್ಲಿ ಬಹುಮಾನದೊಡನೆ ಹೊರಬಿದ್ದವರು. ಮಹಾ ಪಿಯಾನೋ ವಾದಕರೆಂದು ಹೆಸರಾದ ರಾಖ್ಮಾನಿನೊವ್ ಇವರ ಆಪ್ತಮಿತ್ರರು. ಒಬ್ಬರು ಮತ್ತೊಬ್ಬರಿಗೆ ತಮ್ಮ ಕೃತಿಯನ್ನು ಅರ್ಪಿಸಿಕೊಂಡವರು. ರಷ್ಯಾದ ಕ್ರಾಂತಿಯ ತರುವಾಯ ೧೯೨೧ರಲ್ಲಿ ಮೆಟ್ನರರು ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ದಾಟಿ ಕಡೆಗೆ ಲಂಡನ್ನಿನಲ್ಲಿ ಒಂದು ಸಣ್ಣ ಮನೆ ಮಾಡಿದರು. ಕಾಲದ ಹೊಸ ಮಾರ್ಗಗಳು ಅವರಿಗೆ ಒಗ್ಗಲಿಲ್ಲ. ಹಳೆಯ ಮಾರ್ಗದಲ್ಲೇ ಸತ್ಯವಿದೆಯೆಂದು ನಂಬಿ ರಚಿಸುತ್ತ ಹೋದರು. ಕಾಲವೂ ಅವರನ್ನು ಬಿಟ್ಟು ಮುಂದೆ ನಡೆಯಿತು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ೧೯೪೨ರಲ್ಲಿ ಹೃದಯಾಘಾತವಾಯಿತು. ಕೃತಿಗಳಿದ್ದವು, ಕೈಯಲ್ಲಿ ಚಳಕವಿತ್ತು, ಕೇಳುವವರು ವಿರಳರು. ಇನ್ನು ಕೆಲವೇ ವರ್ಷ ಕಳೆದಿದ್ದರೆ ಆ ಕೈಯ ನಾದವು ಆ ದೇಹದೊಡನೆ ಮಣ್ಣುಗೂಡುತ್ತಿತ್ತು.

ಇಂತಿರಲು, ಆ ಮುದುಕರು ಕನಸಿನಲ್ಲೂ ಕಂಡಿರದ ದೂರದ ಮೈಸೂರಿನಿಂದ ನೆರವು ಬಂದಿತು. ಜಯಚಾಮರಾಜ ಒಡೆಯರ ಆಶ್ರಯದಲ್ಲಿ ೧೯೪೦ರ ದಶಕದ ಕೊನೆಯ ವರ್ಷಗಳಲ್ಲಿ ಮೆಟ್ನರ್ ಸೊಸೈಟಿ ಎಂಬ ಸಂಘ ಹುಟ್ಟಿತು. ಮೆಟ್ನರರ ಕೃತಿಗಳನ್ನು ಮೆಟ್ನರರ ಕೈಯಿಂದಲೇ ನುಡಿಸಿ ಮುದ್ರಿಸಿಕೊಳ್ಳುವುದೇ ಅದರ ಉದ್ದೇಶ. ಎಚ್.ಎಂ.ವಿ. ಕಂಪನಿಯ ರೆಕಾರ್ಡುಗಳಲ್ಲಿ ಈ ಕೆಲಸ ನಡೆಯಿತು. ನಿರ್ವಹಣೆ ವಾಲ್ಟರ್ ಲೆಗ್ ಎಂಬವರದು. ಪಿಯಾನೋ ಮತ್ತು ದೊಡ್ಡ ವಾದ್ಯವೃಂದಕ್ಕಾಗಿ ಮೆಟ್ನರರು ಬರೆದಿದ್ದ ಕಾಂಚೆರ್ಟೋ ಎಂಬ ಬಗೆಯ ಮೂರು ದೀರ್ಘ ಕೃತಿಗಳು, ಒಂಟಿ ಪಿಯಾನೋದ ರಚನೆಗಳು, ಹಾಡುಗಳು ಒಂದೊಂದಾಗಿ ತಟ್ಟೆಗಿಳಿದವು. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿತ್ತು. ಅರ್ಧ ಗಂಟೆಯ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು, ನಿಲ್ಲಿಸಬೇಕು, ಅದೇ ಭಾವದಲ್ಲಿ ಮತ್ತೆ ಆರಂಭಿಸಬೇಕು. ಅರವತ್ತೇಳು ದಾಟಿದ, ಎದೆಯ ಬೇನೆಯ ಒಬ್ಬ ವೃದ್ಧರು ಇದನ್ನು ಮಾಡಿದರೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಕೃತಜ್ಞತೆಯಿಂದ ಅವರು ತಮ್ಮ ಮೂರನೆಯ ಕಾಂಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ೧೯೫೧ನೆಯ ನವೆಂಬರ್ ೧೩ರಂದು ಲಂಡನ್ನಿನಲ್ಲಿ ಕಣ್ಮುಚ್ಚಿದರು. ಆ ವೇಳೆಗೆ ಅವರ ನಾದವು ಭದ್ರವಾಗಿತ್ತು.

ಅರಸರ ಔದಾರ್ಯ ಇಲ್ಲಿಗೆ ನಿಲ್ಲಲಿಲ್ಲ. ಯುದ್ಧ ಮುಗಿದ ವರ್ಷ, ಅಂದರೆ ೧೯೪೫ರಲ್ಲಿ, ಲೆಗ್ ಅವರು ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಎಂಬ ವಾದ್ಯವೃಂದವನ್ನು ಕಟ್ಟಿದ್ದರು. ಅದು ನೆಲೆಯೂರಲು ಮಹಾರಾಜರು ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷಗಳ ಸಹಾಯಕ್ಕೆ ಒಪ್ಪಿದರು. ೧೯೪೮ರಲ್ಲಿ ಫಿಲ್ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಆದರು. ಜರ್ಮನಿಯ ಮಹಾ ಸಂಗೀತಕಾರ ರಿಚರ್ಡ್ ಸ್ಟ್ರೌಸರು ತಮ್ಮ ಬಾಳಿನ ಮುಸ್ಸಂಜೆಯಲ್ಲಿ, ೧೯೪೮ರಲ್ಲಿ, ನಾಲ್ಕು ಗೀತೆಗಳನ್ನು ರಚಿಸಿ ಮರುವರ್ಷ ತೀರಿಕೊಂಡಿದ್ದರು. ಅವು ಮೊತ್ತಮೊದಲು ಸಾರ್ವಜನಿಕರ ಕಿವಿಗೆ ಬಿದ್ದುದು ೧೯೫೦ನೆಯ ಮೇ ೨೨ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್ಹಾರ್ಮೋನಿಯಾ ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ ಹೊಣೆ ನಿಂತವರು ನಮ್ಮ ಮೈಸೂರಿನ ಮಹಾರಾಜರು. ಅವರಿಗೆ ಆ ಸಂಜೆ ಅಲ್ಲಿ ಕುಳಿತು ಕೇಳುವ ಯೋಗವಿರಲಿಲ್ಲ. ಅವರಿಗಾಗಿ ಅದನ್ನು ಮುದ್ರಿಸಿಕೊಂಡರು. ಸಾವಿರಾರು ಮಂದಿ ಕೇಳಿದುದನ್ನು, ಕೇಳಿಸಿದ ಪುಣ್ಯಾತ್ಮರು ಸಾವಿರಾರು ಮೈಲಿಯ ಆಚೆ ತಟ್ಟೆಯ ಮೇಲಿನ ಮುಳ್ಳಿನಿಂದ ಕೇಳಬೇಕಾಯಿತು.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು. ಅರಮನೆಯ ಹಣವೆಂದರೆ ಕಡೆಗೆ ಪ್ರಜೆಗಳ ಬೆವರಲ್ಲವೇ? ಅದನ್ನು ಲಂಡನ್ನಿನ ವಾದ್ಯವೃಂದಕ್ಕೆ ಸುರಿಯುವುದು ನ್ಯಾಯವೇ? ಮೆಟ್ನರರ ಮುದ್ರಣಗಳು ಮೊದಲಾದ ೧೯೪೭ರಲ್ಲೇ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು, ಸೆರೆಮನೆ ಸೇರಿದರು. ನಮ್ಮ ತರಗತಿಯಲ್ಲಿ ಈ ವಿಷಯವಾಗಿ ಬಿಸಿಬಿಸಿ ಚರ್ಚೆಯೇ ಆಯಿತು. ಹರಪನಹಳ್ಳಿಯ ಸಹಪಾಠಿಯೊಬ್ಬಳು ಆ ಹಣದಲ್ಲಿ ಎಷ್ಟು ಶಾಲೆಗಳಾಗುತ್ತಿದ್ದವೆಂದು ಕೇಳಿದಳು. ಆಕೆಯ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಇದೆಯೆಂದು ನಟಿಸುವುದೂ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಆ ವರ್ಷದ ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಮಹಾರಾಜರು ರಾಜ್ಯವನ್ನು ಭಾರತ ಒಕ್ಕೂಟಕ್ಕೆ ಸೇರಿಸಿದರು. ೧೯೫೦ರಲ್ಲಿ ಗಣರಾಜ್ಯವಾದಾಗ ಕಿರೀಟವನ್ನಿಳಿಸಿ ರಾಜಪ್ರಮುಖರೆಂಬ ಸಂವಿಧಾನದ ಸ್ಥಾನದಲ್ಲಿ ಕುಳಿತರು. ಅಧಿಕಾರ ಜನತೆಯ ಕೈಗೆ ಹೋಗಬೇಕಾದಾಗ ಅದು ಹೋಯಿತು. ನಾದವನ್ನು ಉಳಿಸಬೇಕಾದಾಗ ಅದು ಉಳಿಯಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ವಾಚಕರದು.

ನಮ್ಮ ಸೀಮೆಗೂ ಅವರಿಗೂ ಇರುವ ನಂಟು ಈ ಘಟ್ಟದಲ್ಲೇ ಆರಂಭವಾಗುತ್ತದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರು ಅರಸರು ನಮಗೆ ಅರಸರಾಗಿರಲಿಲ್ಲ. ೧೯೫೩ನೆಯ ಅಕ್ಟೋಬರ್ ೧ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದಾಗ, ಆ ರಾಜ್ಯದ ರಾಜಪ್ರಮುಖರಾಗಿದ್ದವರು ಇವರೇ. ೧೯೫೬ನೆಯ ನವೆಂಬರ್ ೧ರಂದು ಕನ್ನಡ ನಾಡೆಲ್ಲ ಒಂದಾದಾಗ ಅದರ ಮೊದಲ ರಾಜ್ಯಪಾಲರಾದವರೂ ಇವರೇ. ನಮ್ಮ ತಾಲ್ಲೂಕುಗಳು ಆಮೇಲೆಯೂ ಅತ್ತಿತ್ತ ಓಡಾಡಿವೆ. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ೨೦೨೧ರಿಂದ ಈ ಐದೂ ತಾಲ್ಲೂಕುಗಳು ಹೊಸಪೇಟೆಯೊಡನೆ ವಿಜಯನಗರ ಜಿಲ್ಲೆಯಲ್ಲಿವೆ. ಗಡಿಗಳು ಬದಲಾಗುತ್ತವೆ. ಗಡಿಯಾಚೆಯದು ನಮ್ಮದಲ್ಲವೆಂದು ಬಗೆಯುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಹಾರಾಜರು ಪಶ್ಚಿಮದ ನಾದಕ್ಕೆ ಮಾರುಹೋಗಿ ಮನೆಯ ವೀಣೆಯನ್ನು ಮರೆತರೇ? ಹಾಗೆಂದು ಯಾರೂ ತಿಳಿಯಬಾರದು. ಪಿಯಾನೋ ವೇದಿಕೆ ಕೈತಪ್ಪಿದ ಬಳಿಕ ಅವರು ಕರ್ನಾಟಕ ಸಂಗೀತದ ಕಡೆಗೆ ಇನ್ನಷ್ಟು ಆಳವಾಗಿ ತಿರುಗಿದರು. ವೈಣಿಕ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರಂಥ ಆಸ್ಥಾನ ವಿದ್ವಾಂಸರ ಮಾರ್ಗದರ್ಶನ ಪಡೆದರು. ದೇವೀ ಉಪಾಸಕರಾಗಿದ್ದ ಅವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ, ಸಂಸ್ಕೃತದಲ್ಲಿ, ೯೪ ಕೃತಿಗಳನ್ನು ರಚಿಸಿದರು. ಇವುಗಳಲ್ಲಿ ಇತರರು ಅಷ್ಟಾಗಿ ಮುಟ್ಟದ ಅಪರೂಪದ ರಾಗಗಳು ಹಲವು. ಲೋಕ ಮರೆತ ಮೆಟ್ನರರನ್ನು ಹುಡುಕಿದ ಕಿವಿಯೇ ಲೋಕ ಮರೆತ ರಾಗಗಳನ್ನೂ ಹುಡುಕಿತೆಂದು ನನಗೆ ಅನಿಸುತ್ತದೆ. ಅವರ ಪ್ರೋತ್ಸಾಹದಿಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಸಂಸ್ಕೃತ ಗ್ರಂಥಗಳು ಕನ್ನಡಕ್ಕೆ ಬಂದವು. ಋಗ್ವೇದವು ಕನ್ನಡಿಗರ ಕೈಗೆ ಕನ್ನಡದಲ್ಲೇ ದೊರೆಯಿತು.

೧೯೬೪ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದು, ಅನಂತರ ೧೯೬೬ರವರೆಗೆ ಮದರಾಸಿನ ರಾಜ್ಯಪಾಲರಾಗಿ ಅವರು ನಿವೃತ್ತರಾದರು. ೧೯೭೧ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ದೇಶದ ಮಾಜಿ ಅರಸರ ರಾಜಧನವೂ ಬಿರುದುಗಳೂ ರದ್ದಾದವು. ೧೯೭೪ನೆಯ ಸೆಪ್ಟೆಂಬರ್ ೨೩ರಂದು ಬೆಂಗಳೂರಿನಲ್ಲಿ ಜಯಚಾಮರಾಜ ಒಡೆಯರು ಸ್ವರ್ಗಸ್ಥರಾದರು. ಆಗ ಅವರಿಗೆ ಐವತ್ತೈದು ವರ್ಷ ವಯಸ್ಸು. ಇಪ್ಪತ್ತೊಂದರಲ್ಲಿ ಪಡೆದ ಸಿಂಹಾಸನ ಹೋಯಿತು, ಆನೆಯಂಬಾರಿಯ ಮೆರವಣಿಗೆ ಹೋಯಿತು, ಬಿರುದೂ ಹೋಯಿತು. ಉಳಿದುದು ತೊಂಬತ್ತನಾಲ್ಕು ಕೃತಿಗಳು ಮತ್ತು ಬೇರೊಬ್ಬರ ಬೆರಳಿನ ನಾದ.

ಆ ನಾದವನ್ನು ನಾನು ಕೇಳಿದೆ. ಹಿಂದೆ ಅರಮನೆಯ ಕೋಣೆಯಲ್ಲಿ ತಿರುಗುತ್ತಿದ್ದ ತಟ್ಟೆಯ ಸಂಗೀತ ಇಂದು ಬಡವನ ಮೊಬೈಲಿನಲ್ಲೂ ಸಿಕ್ಕುತ್ತದೆ. ಒಂದು ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕುಳಿತು, ಮೆಟ್ನರರು ಮಹಾರಾಜರಿಗೆ ಅರ್ಪಿಸಿದ ಆ ಮೂರನೆಯ ಕಾಂಚೆರ್ಟೋವನ್ನು ಕಿವಿಗೆ ಹಚ್ಚಿಕೊಂಡೆ. ನದಿಯ ತಳದಲ್ಲಿ ಮಲಗಿರುವ ಒಬ್ಬ ವೀರನನ್ನು ಜಲಕನ್ಯೆಯು ಎಬ್ಬಿಸಲೆಳಸುವ ರಷ್ಯನ್ ಕವಿತೆಯೊಂದರಿಂದ ಅದು ಹುಟ್ಟಿತೆಂದು ಓದಿದ್ದೆ. ನಿಜ ಹೇಳುತ್ತೇನೆ, ಮೊದಲ ಸಲ ಏನೂ ತಿಳಿಯಲಿಲ್ಲ. ನೂರು ಮಂದಿ ಒಟ್ಟಿಗೆ ಮಾತನಾಡಿದಂತಿತ್ತು. ಮರುದಿನ ಮತ್ತೆ ಕೇಳಿದೆ. ಮೂರನೆಯ ದಿನ, ಆ ಗದ್ದಲದ ನಡುವೆ ಒಂದು ಸ್ವರವು ಹುಟ್ಟಿ, ಕ್ಷೀಣಿಸಿ, ಅದು ಆರುವ ಮುನ್ನ ಮತ್ತೊಂದು ಅದರ ಕೈ ಹಿಡಿದುದು ಕೇಳಿಸಿತು. ಹೊರಗೆ ಬೆಳೆ ಕೊಯ್ದ ಹೊಲಗಳು ಕತ್ತಲಾಗುತ್ತಿದ್ದವು. ನನಗೆ ಅಜ್ಜನ ನೆನಪಾಯಿತು.

ನೆನಪಷ್ಟೇ ಆಯಿತು, ನಾದ ಬರಲಿಲ್ಲ. ಮನೆಯಲ್ಲಿ ಅಜ್ಜನ ಭಾವಚಿತ್ರವಿದೆ, ಕೋಲಿದೆ, ರುಮಾಲಿದೆ. ಅವರು ನುಡಿಸಿದ ಒಂದೇ ಒಂದು ಹಾಡಿನ ಧ್ವನಿಮುದ್ರಿಕೆ ಇಲ್ಲ. ಅವರು ಬದುಕಿದ್ದ ಕಡೆಯ ವರ್ಷಗಳಲ್ಲಿ ನಮ್ಮ ಮನೆಯಲ್ಲೇ ಎರಡು ಮೊಬೈಲುಗಳಿದ್ದವು. ಒಂದು ಗುಂಡಿಯನ್ನು ಒತ್ತಿದ್ದರೆ ಸಾಕಿತ್ತು. ನಾವು ಯಾರೂ ಒತ್ತಲಿಲ್ಲ. ಅದು ಉಳಿಸತಕ್ಕ ಸಂಗೀತವೆಂದು ನಮಗೆ ಹೊಳೆಯಲೇ ಇಲ್ಲ. ಪೇಟಿಯನ್ನು ಕೀಳಾಗಿ ಕಂಡವರು ನಾವು ಮಾತ್ರವಲ್ಲ. ನಮ್ಮ ಸಂಗೀತದ ಗಮಕಗಳಿಗೆ ಅದು ಒಗ್ಗದೆಂದು ೧೯೪೦ರಲ್ಲಿ ಅಖಿಲ ಭಾರತ ರೇಡಿಯೋ ಅದನ್ನು ಬಹಿಷ್ಕರಿಸಿ, ೧೯೭೧ರಲ್ಲಿ ಸಡಿಲಿಸಿತೆಂದು ಓದಿದ್ದೇನೆ. ಆದರೆ ಪರರ ತಪ್ಪನ್ನು ತೋರಿಸಿ ನನ್ನ ತಪ್ಪನ್ನು ಮುಚ್ಚಿಕೊಳ್ಳಲಾರೆ. ಮೈಸೂರಿನಲ್ಲಿ ಕುಳಿತವರಿಗೆ ಲಂಡನ್ನಿನ ಮುದು ಬೆರಳುಗಳ ಬೆಲೆ ತಿಳಿಯಿತು. ಒಂದೇ ಸೂರಿನ ಕೆಳಗಿದ್ದ ನನಗೆ ಅಜ್ಜನ ಬೆರಳುಗಳ ಬೆಲೆ ತಿಳಿಯಲಿಲ್ಲ.

ಸಂಗೀತಕ್ಕೆ ನುಡಿಸುವವನೊಬ್ಬ ಸಾಲದು, ಕೇಳುವವನೂ ಬೇಕು ಎಂಬುದನ್ನು ಈ ಜೀವನಚರಿತ್ರೆ ನನಗೆ ಕಲಿಸಿತು. ನುಡಿಸಬೇಕೆಂಬ ತಮ್ಮ ಆಸೆ ಮುರಿದ ಮೇಲೆ ಜಯಚಾಮರಾಜ ಒಡೆಯರು ಕೊರಗುತ್ತ ಕೂಡಲಿಲ್ಲ; ಮತ್ತೊಬ್ಬರ ನಾದ ಸಾಯದಂತೆ ನೋಡಿಕೊಂಡರು. ಆ ಕೆಲಸಕ್ಕೆ ಅವರಿಗೆ ಬೊಕ್ಕಸ ಬೇಕಾಯಿತು. ನಮಗೆ ಇಂದು ಅಷ್ಟೊಂದು ಬೇಕಿಲ್ಲ. ನಮ್ಮ ಈ ಐದು ತಾಲ್ಲೂಕುಗಳ ಊರುಗಳಲ್ಲಿ ಭಜನೆಗೆ, ಬಯಲಾಟಕ್ಕೆ, ಕಂಪನಿ ನಾಟಕಕ್ಕೆ ಪೇಟಿ ನುಡಿಸಿದ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಕೂಡ್ಲಿಗಿಯ ಕಡೆ ಇಬ್ಬರು, ಕೊಟ್ಟೂರಿನಲ್ಲಿ ಒಬ್ಬರು, ಹಡಗಲಿಯ ಗೆಳೆಯನ ಓಣಿಯಲ್ಲೇ ಒಬ್ಬರು ಎಂದು ನಾವು ನಾಲ್ಕು ಮಂದಿ ಸೇರಿ ಒಂದು ಪಟ್ಟಿ ಮಾಡಿದ್ದೇವೆ. ರಜೆಯಲ್ಲಿ ಅವರವರ ಮನೆಗೆ ಹೋಗಿ, ಅಪ್ಪಣೆ ಪಡೆದು, ಅವರು ನುಡಿಸುವುದನ್ನು ಮುದ್ರಿಸಿಕೊಂಡು ಬಂದು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸುವುದೆಂದು ನಿಶ್ಚಯಿಸಿದ್ದೇವೆ. ತಮ್ಮ ಊರಲ್ಲೂ ಅಂಥವರಿದ್ದರೆ ವಾಚಕ ಮಿತ್ರರು ದಯವಿಟ್ಟು ತಿಳಿಸಬೇಕು.

ಇನ್ನು ಪಿಯಾನೋ ಕಛೇರಿಗೆ ಇಪ್ಪತ್ತಮೂರು ದಿನಗಳಿವೆ. ನಿಜವಾದ ದೊಡ್ಡ ಪಿಯಾನೋ ನಮ್ಮ ಸಭಾಂಗಣಕ್ಕೆ ಬಾರದು, ವಿದ್ಯುತ್ತಿನಿಂದ ನಡೆಯುವ ಪಿಯಾನೋವನ್ನು ಕಲಾವಿದರು ಜೊತೆಯಲ್ಲೇ ತರುವರೆಂದು ತಿಳಿದುಬಂದಿದೆ. ಚಿಂತೆಯಿಲ್ಲ. ಕುರ್ಚಿ ಜೋಡಿಸುವ, ಜಮಖಾನೆ ಹಾಸುವ, ಕರೆಂಟು ಹೋದರೆ ಜನರೇಟರ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಹೆಸರು ಕೊಟ್ಟಿದ್ದೇನೆ. ದೊಡ್ಡ ಊರಿನ ದೊಡ್ಡವರ ಸಂಗೀತವೆಂದು ಅಂದಿದ್ದ ಆ ಗೆಳೆಯನೂ ತನ್ನ ಹೆಸರನ್ನು ನನ್ನ ಹೆಸರಿನ ಕೆಳಗೆ ಬರೆದಿದ್ದಾನೆ. ಅಟ್ಟದ ಮೇಲಿನ ಪೇಟಿಯನ್ನು ಮೊನ್ನೆ ಕೆಳಗಿಳಿಸಿ, ತಿದಿಗೆ ಹೊಸ ಚರ್ಮ ಹಾಕಿಸಲು ಹೊಸಪೇಟೆಗೆ ಕೊಟ್ಟು ಬಂದಿದ್ದೇನೆ. ಅದು ಕಛೇರಿಯ ಮುನ್ನಾದಿನ ಕೈಗೆ ಬರುವುದೆಂದು ರಿಪೇರಿಯವರು ಹೇಳಿದ್ದಾರೆ.